ಕರೋಡಗಿರಿ ನಾಕಾ ಮತ್ತು ಬಿಸ್ಮಾರ್ಕ್

ಜರ್ಮನರ ಮಾತು ಬಂದರೆ ಮಂಗಳೂರಿನವರಿಗೂ ಧಾರವಾಡದವರಿಗೂ ಹೇಳಲು ಹೆಸರುಗಳಿವೆ. ಮೋಗ್ಲಿಂಗ್, ಪ್ಲೆಬ್ಸ್ಟ್, ಕಿಟೆಲ್. 1843ರ ‘ಮಂಗಳೂರು ಸಮಾಚಾರ’, 1865ರ ಹೆಂಚಿನ ಕಾರ್ಖಾನೆ, 1894ರ ನಿಘಂಟು. ಕಲಬುರಗಿಯವರ ಹತ್ತಿರ ಅಂಥದ್ದು ಏನೂ ಇಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಇಳಿದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಮೇಲೆ ಮೇಲೆ ಬಂದರು. ಆದರೆ ಅವರ ಠಾಣೆಗಳೆಲ್ಲ ಇಂಗ್ಲಿಷರ ಸೀಮೆಯಲ್ಲೇ ನಿಂತವು. ನಿಜಾಮರ ಸೀಮೆಯಾದ ನಮ್ಮ ಕಡೆ ಆಮೇಲೆ ಬಂದ ಪಾದ್ರಿಗಳು ಅಮೆರಿಕದ ಮೆಥೊಡಿಸ್ಟರು. ಹೀಗಾಗಿ ನಮ್ಮ ಹಳೇ ಮನೆಗಳ ಮೇಲೆ ಮಂಗಳೂರು ಹೆಂಚಿಲ್ಲ. ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ ಕಲ್ಲು. ಕಿಟೆಲ್ ಸಾಹೇಬರ ನಿಘಂಟನ್ನು ನಾನು ಮೊದಲು ನೋಡಿದ್ದು ಕಾಲೇಜಿನ ಲೈಬ್ರರಿಯ ಗಾಜಿನ ಕಪಾಟಿನಲ್ಲಿ. ಅದರ ಕೀಲಿಕೈ ಯಾರ ಹತ್ತಿರ ಇದೆ ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆದರೂ ಐವಾನ್-ಎ-ಶಾಹಿ ಕಟ್ಟಡದ ಕಡೆಯ ನಮ್ಮ ಮನೆಯಲ್ಲಿ ಜರ್ಮನಿ ಇತ್ತು. ಅಲ್ಯೂಮಿನಿಯಂ ಪಾತ್ರೆಗೆ ನಮ್ಮಲ್ಲಿ ಜರ್ಮನ್ ಪಾತ್ರೆ ಅಂತಲೇ ಅನ್ನುವುದು. ಹಿತ್ತಾಳೆ ಬೋಗುಣಿಗಾದರೆ ಕಲಾಯಿ ಆಗಬೇಕು, ಕಲಾಯಿಗಾರ ಓಣಿಗೆ ಬಂದ ದಿನ ಕೈಯಲ್ಲಿ ರೊಕ್ಕ ಇರಬೇಕು. ಜರ್ಮನ್ ಬೋಗುಣಿಗೆ ಆ ರಗಳೆ ಇಲ್ಲ. ಬಿದ್ದರೆ ನೆಗ್ಗುತ್ತಿತ್ತು, ಹುಣಸೆಹುಳಿ ಕುದಿಸಿದರೆ ತಳಕ್ಕೆ ಚುಕ್ಕೆ ಬೀಳುತ್ತಿತ್ತು, ಅದರಲ್ಲೇ ಹಾಲು ಕಾಯಿಸಿ ಅದರಲ್ಲೇ ಬೇಳೆ ಬೇಯಿಸುತ್ತಿದ್ದರು. ಮದುವೆಯಲ್ಲಿ ಜರ್ಮನ್ ಪಾತ್ರೆ ಆಹೇರಿ ಮಾಡಿದವರ ಹೆಸರನ್ನು ನಮ್ಮವ್ವ ಬಹಳ ವರ್ಷ ನೆನಪಿಟ್ಟಿದ್ದಳು, ಪ್ರೀತಿಯಿಂದಲ್ಲ. ಅಡಿಗೆ ಮನೆಯ ಮಟ್ಟಿಗೆ ಜರ್ಮನಿ ಅಂದರೆ ಅಗ್ಗದ ಸಾಮಾನು.

ಭಜನೆ ಮಾಡುವ ಜಾಗದಲ್ಲಿ ಲೆಕ್ಕವೇ ಬೇರೆ. ಪೇಟಿ ಮಾಸ್ತರರು ಹೊಸಬರಿಗೆ ಹಾರ್ಮೋನಿಯಂ ಪೇಟಿ ತೋರಿಸುವಾಗ ಮೊದಲು ಹೇಳುತ್ತಿದ್ದದ್ದು ‘ರೀಡ್ ಜರ್ಮನ್ ಅವ’. ಮುಚ್ಚಳ ತೆಗೆದು ಒಳಗಿನ ಹಿತ್ತಾಳೆ ನಾಲಿಗೆಗಳನ್ನು ತೋರಿಸುವರು, ಮುಟ್ಟಲು ಹೋದರೆ ಕೈಗೆ ಹೊಡೆಯುವರು. ಆ ರೀಡು ಹಾಕಿದ ಪೇಟಿಯ ಮರ ಗೆದ್ದಲು ಹಿಡಿದರೂ ರೀಡನ್ನು ಬಿಚ್ಚಿ ಹೊಸ ಪೆಟ್ಟಿಗೆಗೆ ಕೂಡಿಸುತ್ತಿದ್ದರು. ಎಷ್ಟೋ ತತ್ವಪದದ ಮೇಳಗಳ ಶ್ರುತಿ ಹೀಗೆ ಜರ್ಮನಿಯಿಂದ ಬಂದದ್ದು. ಪದ ಬರೆದ ಶರಣರಿಗೂ ಪೇಟಿಗೂ ಸಂಬಂಧವಿಲ್ಲ, ಅದು ಬೇರೆ ಮಾತು.

ಒಂದೇ ದೇಶದ ಹೆಸರಿಗೆ ಒಂದು ಕಡೆ ಅಗ್ಗ, ಇನ್ನೊಂದು ಕಡೆ ಅಸಲಿ. ಇದು ನಮ್ಮ ಓಣಿಯಲ್ಲಿ ಮಾತ್ರ ಆದದ್ದಲ್ಲ. 1887ರಲ್ಲಿ ಬ್ರಿಟನ್ ಒಂದು ಕಾಯಿದೆ ಮಾಡಿ ಹೊರದೇಶದ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕು ಎಂದಿತು. ಆಗಿನ ಜರ್ಮನ್ ಚಾಕು-ಕತ್ತರಿ ಇಂಗ್ಲಿಷರ ಮಾಲಿನ ನಕಲು ಎಂಬ ದೂರಿತ್ತು, ಗಿರಾಕಿ ಮೋಸ ಹೋಗಬಾರದು ಎಂದು ಈ ಮುದ್ರೆ. ಹತ್ತಿಪ್ಪತ್ತು ವರ್ಷದಲ್ಲಿ ಗಿರಾಕಿಗಳು ಅದೇ ‘ಮೇಡ್ ಇನ್ ಜರ್ಮನಿ’ ಮುದ್ರೆ ನೋಡಿ ಕೊಳ್ಳತೊಡಗಿದರು.

ಇನ್ನೊಂದು ಜರ್ಮನಿ ಲಾರಿಗಳ ಹೊಟ್ಟೆಯಲ್ಲಿತ್ತು. ಬೆಂಗಳೂರಿನಲ್ಲಿ 1951ರಲ್ಲಿ ಬಾಷ್ ಕಂಪನಿಯ ಸಹಯೋಗದಲ್ಲಿ ಶುರುವಾದ ಮೈಕೊ ಕಾರ್ಖಾನೆಯ ಡೀಸೆಲ್ ಪಂಪು, ನಾಝಲ್. ಊರ ಹೊರಗಿನ ಪಂಪ್ ರಿಪೇರಿ ಅಂಗಡಿಗಳಿಗೆಲ್ಲ ‘ಮೈಕೊ’ ಎಂದೇ ಬೋರ್ಡು. ಬಿಳಿ ಬಟ್ಟೆ ಹಾಸಿ, ನಾಝಲನ್ನು ಟೆಸ್ಟರಿಗೆ ಕಟ್ಟಿ, ಕೈಯಿಂದ ಒತ್ತಿ ಎಣ್ಣೆ ಹೊಗೆಯ ಹಾಗೆ ಚಿಮ್ಮುತ್ತದೋ ಹನಿ ಬೀಳುತ್ತದೋ ನೋಡುವ ಮೇಸ್ತ್ರಿಗೆ ಗ್ಯಾರೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ. ಹನಿ ಬಿದ್ದರೆ ಲಾರಿ ಕರೀ ಹೊಗೆ ಬಿಡುತ್ತದೆ, ಎಣ್ಣೆ ಕುಡಿಯುತ್ತದೆ. ಆ ಮೇಸ್ತ್ರಿಗಳಿಗೆ ರುಡಾಲ್ಫ್ ಡೀಸೆಲ್ ಎಂಬ ಮನುಷ್ಯ ಇದ್ದ ಎಂಬುದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. 2008ರಲ್ಲಿ ಕಂಪನಿ ಮೈಕೊ ಹೆಸರು ಬಿಟ್ಟು ಬಾಷ್ ಆಯಿತು. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ, ಕೈಯಿಂದ ಒತ್ತುವುದು ಕಡಿಮೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿದವನು. ಶಾಲೆ ಬದಲಾದವು, ಪುಸ್ತಕ ಬದಲಾದವು, ಜರ್ಮನಿಯ ಏಕೀಕರಣದ ಪಾಠ ಮಾತ್ರ ಉಳಿದುಕೊಂಡೇ ಬಂತು. ಇಟಲಿ ಆದಮೇಲೆ ಜರ್ಮನಿ, ಗ್ಯಾರಿಬಾಲ್ಡಿ ಆದಮೇಲೆ ಬಿಸ್ಮಾರ್ಕ್. ಮಂಗಳೂರಿನ ಹುಡುಗನಿಗೆ ಅದು ಬಾಯಿಪಾಠದ ಪಾಠ ಇರಬಹುದು. ಕಲಬುರಗಿಯಲ್ಲಿ ಅದನ್ನು ಹೇಳುವುದು ಸುಲಭ, ಯಾಕೆಂದರೆ ಮಕ್ಕಳ ಅಜ್ಜಂದಿರು ಅದನ್ನೇ ಬದುಕಿದವರು.

ಮೊದಲು ಸುಂಕದ ಒಕ್ಕೂಟ. 1815ರ ಹೊತ್ತಿಗೆ ಜರ್ಮನ್ ಸೀಮೆಯಲ್ಲಿ 39 ಸಂಸ್ಥಾನಗಳು, ಒಂದೊಂದಕ್ಕೂ ತನ್ನ ಗಡಿ, ತನ್ನ ಸುಂಕ. 1834ರಲ್ಲಿ ಪ್ರಷ್ಯಾ ಮುಂದಾಳತ್ವದಲ್ಲಿ ಸುಂಕ ಒಂದಾಯಿತು, ರಾಜ್ಯ ಒಂದಾದದ್ದು ಆಮೇಲೆ. ಇದನ್ನು ಹೇಳುವಾಗ ನಾನು ಪುಸ್ತಕ ಮುಚ್ಚಿಟ್ಟು ಕರೋಡಗಿರಿ ನಾಕಾದ, ಅಂದರೆ ನಿಜಾಮರ ಸುಂಕದ ಕಟ್ಟೆಯ ಕಥೆ ಹೇಳುತ್ತಿದ್ದೆ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ಅಂಚೆ ಚೀಟಿ, ತನ್ನದೇ ಸುಂಕ. ಹಾಲಿ ಸಿಕ್ಕಾ ಬೇರೆ, ಇಂಗ್ಲಿಷರ ಕಲ್ದಾರ ರೂಪಾಯಿ ಬೇರೆ, ಎರಡರ ನಡುವೆ ಬಟ್ಟಾ. ಸೊಲ್ಲಾಪುರದಿಂದ ಬಟ್ಟೆ ತಂದರೆ ಗಡಿಯಲ್ಲಿ ಕರೋಡಗಿರಿಯವರು ಗಂಟು ಬಿಚ್ಚಿಸುವರು. ನಮ್ಮಪ್ಪ ಮದುವೆಯ ಜವಳಿ ತರಲು ಹೋಗಿ ಎರಡು ಸೀರೆಯನ್ನು ಧೋತರದ ಒಳಗೆ ಸೊಂಟಕ್ಕೆ ಸುತ್ತಿಕೊಂಡು ಬಂದಿದ್ದ. ಗಡಿ ದಾಟುವ ತನಕ ಹೆಂಗಸಿನ ಹಾಗೆ ಸಣ್ಣ ಹೆಜ್ಜೆ ಇಟ್ಟೆ ಅನ್ನುತ್ತಿದ್ದ. ಹುಡುಗರು ನಕ್ಕು ನಕ್ಕು ಸುಸ್ತಾಗುವರು, ಸುಂಕದ ಒಕ್ಕೂಟ ಯಾಕೆ ಬೇಕಾಯಿತು ಎಂಬುದು ತಾನಾಗಿ ತಲೆಗೆ ಹೋಗುತ್ತಿತ್ತು.

ಆಮೇಲೆ ಬಿಸ್ಮಾರ್ಕ್. 1864ರಲ್ಲಿ ಡೆನ್ಮಾರ್ಕ್, 1866ರಲ್ಲಿ ಆಸ್ಟ್ರಿಯಾ, 1870-71ರಲ್ಲಿ ಫ್ರಾನ್ಸ್, ಮೂರು ಯುದ್ಧ. 1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯಲ್ಲಿ ಸಾಮ್ರಾಜ್ಯದ ಘೋಷಣೆ. ಸರ್ದಾರ್ ಪಟೇಲರನ್ನು ಭಾರತದ ಬಿಸ್ಮಾರ್ಕ್ ಎನ್ನುತ್ತಾರೆ ಎಂಬುದು ಒಂದು ಅಂಕದ ಪ್ರಶ್ನೆ. ಆ ಹೋಲಿಕೆ ಅರ್ಧ ಮಾತ್ರ ಸರಿ. ಬಿಸ್ಮಾರ್ಕ್ ಎಲ್ಲ ರಾಜರನ್ನೂ ತೆಗೆಯಲಿಲ್ಲ. ತನ್ನ ವಿರುದ್ಧ ನಿಂತ ಹ್ಯಾನೋವರ್ ಅರಸನನ್ನು ಕಿತ್ತು ಹಾಕಿದ, ಒಪ್ಪಿದವರನ್ನು ಗಾದಿಯ ಮೇಲೇ ಬಿಟ್ಟ. ಬವೇರಿಯಾದ ಅರಸ ಎರಡನೇ ಲುಡ್ವಿಗ್‌ಗೆ ಪ್ರಷ್ಯಾದ ರಾಜನನ್ನು ಚಕ್ರವರ್ತಿ ಎಂದು ಕರೆಯಲು ಮನಸ್ಸಿರಲಿಲ್ಲ, ಸಾಲ ಮಾತ್ರ ಬಹಳ ಇತ್ತು. ಕೊನೆಗೆ ಆ ಪತ್ರಕ್ಕೆ ಸಹಿ ಬಿತ್ತು, ಗುಟ್ಟಾಗಿ ಹಣವೂ ಸಂದಿತು. ಆ ಹಣದ ಮೂಲ, ಅದೇ ಹ್ಯಾನೋವರ್ ಅರಸನಿಂದ ಜಪ್ತಿ ಮಾಡಿದ ಗಂಟು. ಬವೇರಿಯಾಕ್ಕೆ ತನ್ನ ಅಂಚೆ, ತನ್ನ ರೈಲು ಉಳಿದವು. ಆ ಅರಸೊತ್ತಿಗೆಗಳೆಲ್ಲ ಬಿದ್ದದ್ದು 1918ರಲ್ಲಿ, ಮಹಾಯುದ್ಧ ಸೋತ ಮೇಲೆ.

ನಮ್ಮ ನಿಜಾಮರ ಕಥೆ ಇದಕ್ಕಿಂತ ಗಿಡ್ಡ. 1948ರ ಸೆಪ್ಟೆಂಬರ್ 13ಕ್ಕೆ ಪೊಲೀಸ್ ಆಕ್ಷನ್ ಎಂಬ ಹೆಸರಿನಲ್ಲಿ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ಶರಣಾಗತಿ. ಆದರೆ ಅವರನ್ನೂ ಪೂರ್ತಿ ತೆಗೆಯಲಿಲ್ಲ. 1950ರಿಂದ 1956ರ ಅಕ್ಟೋಬರ್ ಕೊನೆಯ ತನಕ ರಾಜಪ್ರಮುಖರಾಗಿ ಕೂಡಿಸಿದರು. ನವೆಂಬರ್ 1ಕ್ಕೆ ಸಂಸ್ಥಾನ ಮೂರು ಪಾಲಾಯಿತು, ಕಲಬುರಗಿ ಮೈಸೂರಿಗೆ ಬಂತು. ಐವಾನ್-ಎ-ಶಾಹಿಯ ಕಲ್ಲಿನ ಕಟ್ಟಡ ನಿಜಾಮರದ್ದಿದ್ದದ್ದು ಸರ್ಕಾರಿ ಅತಿಥಿ ಗೃಹವಾಯಿತು. ನಾನು ಸಣ್ಣವನಿದ್ದಾಗ ಅದರ ಕಾಂಪೌಂಡಿಗೆ ಹಾಯ್ದು ಬೇವಿನ ಹಣ್ಣು ಆರಿಸಲು ಹೋದರೆ ವಾಚ್‌ಮನ್ ಓಡಿಸುತ್ತಿದ್ದ. ಈಗ ಮಂತ್ರಿಗಳು ಬಂದರೆ ಅಲ್ಲೇ ಸುದ್ದಿಗೋಷ್ಠಿ, ಗೇಟಿನ ಹೊರಗೆ ಅರ್ಜಿ ಹಿಡಿದವರ ಸಾಲು. ಓಡಿಸುವುದು ಈಗಲೂ ಇದೆ.

ನಮ್ಮ ಶಾಲೆಯ ಅಟ್ಲಾಸಿನಲ್ಲಿ ಎರಡು ಜರ್ಮನಿ. ಪಶ್ಚಿಮಕ್ಕೆ ಹಳದಿ ಬಣ್ಣ, ರಾಜಧಾನಿ ಬಾನ್. ಪೂರ್ವಕ್ಕೆ ಗುಲಾಬಿ, ಅದರ ಕೆಳಗಿನ ಮೂಲೆಯಲ್ಲಿ ಕಾರ್ಲ್-ಮಾರ್ಕ್ಸ್-ಸ್ಟಾಟ್ ಎಂಬ ಊರು. ಅಷ್ಟು ಉದ್ದದ ಹೆಸರು ಅಷ್ಟು ಸಣ್ಣ ಜಾಗದಲ್ಲಿ ಹಿಡಿಯದೆ ಪಕ್ಕದ ದೇಶದ ಒಳಗೆ ಹೋಗಿತ್ತು. ರೈನ್, ಎಲ್ಬೆ, ರೂರ್ ಕಣಿವೆಯ ಕಲ್ಲಿದ್ದಲು, ಇಷ್ಟು ಗುರುತಿಸಿದರೆ ಪೂರ್ತಿ ಅಂಕ. ಕಲಬುರಗಿಗೆ ಟಿ.ವಿ. ಬೆಂಗಳೂರಿಗಿಂತ ಮೊದಲು ಬಂತು. 1975ರ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ನಮ್ಮ ಜಿಲ್ಲೆ ಇತ್ತು, 1977ರಲ್ಲಿ ಪ್ರಸಾರ ಕೇಂದ್ರವೇ ಶುರುವಾಯಿತು. ಅದೇ ಟಿ.ವಿ.ಯಲ್ಲಿ ಬೋರಿಸ್ ಬೆಕರ್, ಸ್ಟೆಫಿ ಗ್ರಾಫ್ ಇಬ್ಬರೂ 1989ರ ವಿಂಬಲ್ಡನ್ ಗೆದ್ದದ್ದನ್ನು ನೋಡಿದೆವು. ಅದೇ ವರ್ಷ ನವೆಂಬರ್‌ನಲ್ಲಿ ಬರ್ಲಿನ್ ಗೋಡೆಯ ಮೇಲೆ ಜನ ಹತ್ತಿ ಕುಳಿತದ್ದನ್ನೂ ನೋಡಿದೆವು. ಮುಂದಿನ ಅಕ್ಟೋಬರ್ 3ಕ್ಕೆ ಎರಡೂ ಒಂದಾದವು. ಶಾಲೆಗೆ ಹೊಸ ಅಟ್ಲಾಸು ಮಾತ್ರ ಬಹಳ ವರ್ಷ ಬರಲಿಲ್ಲ. ಹಳದಿ-ಗುಲಾಬಿ ಗೆರೆಯ ಮೇಲೆ ನಾನೇ ಪೆನ್ಸಿಲಿನಿಂದ ಅಡ್ಡ ಹೊಡೆದು ಪಾಠ ಮಾಡುತ್ತಿದ್ದೆ. ರೂರ್ ಕಣಿವೆಯ ಕೊನೆಯ ಕಲ್ಲಿದ್ದಲು ಗಣಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆ ಪ್ರಶ್ನೆಯ ಉತ್ತರವೂ ಈಗ ತಪ್ಪು.

ಸ್ಟೆಫಿಯನ್ನು ಬಿಟ್ಟರೆ ಊರಿಗೆಲ್ಲ ಗೊತ್ತಿದ್ದ ಜರ್ಮನ್ ಹೆಸರು ಒಂದೇ. ಪ್ರತಿ ಶಾಲೆಯಲ್ಲಿ ಒಬ್ಬ ಹಿಟ್ಲರ್ ಮಾಸ್ತರ ಇರುತ್ತಿದ್ದ. ಬೆತ್ತ ಹಿಡಿದು ಗೇಟಿನಲ್ಲಿ ನಿಲ್ಲುವವನು, ತಡವಾಗಿ ಬಂದವರಿಗೆ ಬಾರಿಸುವವನು. ಕೆಲವರು ಆ ಅಡ್ಡಹೆಸರಿಗೆ ಒಳಗೊಳಗೇ ಖುಷಿಯನ್ನೂ ಪಡುತ್ತಿದ್ದರು. ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕ ಇರುತ್ತಿತ್ತು, ಈಗಲೂ ಇರುತ್ತದೆ. ‘ಶಿಸ್ತು ಬೇಕಂದ್ರ ಒಬ್ಬ ಹಿಟ್ಲರ್ ಬರಬೇಕ್ರಿ’ ಎಂದು ಚಹಾದಂಗಡಿಯಲ್ಲಿ ಹೇಳುವವರಿಗೆ ಆ ಶಿಸ್ತಿನಲ್ಲಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು, ರೋಮಾ ಜನರನ್ನು ಕೊಂದರು, ಸ್ವಂತ ದೇಶದ ಅಂಗವಿಕಲರನ್ನೂ ಬುದ್ಧಿಮಾಂದ್ಯರನ್ನೂ ಪಟ್ಟಿ ಮಾಡಿ ಗ್ಯಾಸ್ ಕೋಣೆಗೆ ಕಳಿಸಿದರು ಎಂಬುದು ಗೊತ್ತಿರಲಿಲ್ಲ. ಗೊತ್ತಿರಲು ದಾರಿಯೂ ಇರಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಸಿಕ್ಕ ಜಾಗ ಎರಡು ಸಾಲು.

ತೊಂಬತ್ತರ ದಶಕದಲ್ಲಿ ಕೋಟೆಯ ಜಾಮಿ ಮಸೀದಿ ನೋಡಲು ಒಬ್ಬ ಜರ್ಮನ್ ಹೆಣ್ಣುಮಗಳು ಬಂದಿದ್ದಳು, ಕಟ್ಟಡಗಳ ಅಧ್ಯಯನದವಳು. ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ನನ್ನನ್ನು ಜೊತೆಗೆ ಕಳಿಸಿದ್ದರು. 1367ರ ಕಟ್ಟಡ, ನಡುವೆ ಬಯಲು ಅಂಗಳವಿಲ್ಲದೆ ಇಡೀ ಮಸೀದಿಗೆ ಮುಚ್ಚಿಗೆ ಇರುವುದು ಅವಳಿಗೆ ಆಶ್ಚರ್ಯ. ಕಮಾನುಗಳ ಕೆಳಗೆ ಟೇಪು ಹಿಡಿದು ಅಳೆಯುತ್ತಿದ್ದಳು, ಟೇಪಿನ ಇನ್ನೊಂದು ತುದಿ ಹಿಡಿಯಲು ಕೋಟೆಯೊಳಗಿನ ಹುಡುಗರಲ್ಲಿ ಪೈಪೋಟಿ. ಯಾವ ದೇಶ ಎಂದು ಒಬ್ಬ ಕೇಳಿದ. ಜರ್ಮನಿ ಅಂದಳು. ಹುಡುಗನ ಮುಖ ಅರಳಿತು. ‘ಹಿಟ್ಲರ್! ಸೂಪರ್!’ ಎಂದು ಹೆಬ್ಬೆರಳು ಎತ್ತಿದ. ಅತಿಥಿಗೆ ಮರ್ಯಾದೆ ಮಾಡಿದೆ ಎಂಬ ಭಾವ ಅವನದು. ಅವಳು ಟೇಪನ್ನು ಸರ್ರನೆ ಸುತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ನನಗೆ ಹೇಳಿದಳು, ಭಾರತದಲ್ಲಿ ಇದು ಮೊದಲ ಸಲವಲ್ಲ. ತನ್ನ ಅಜ್ಜ ಸೈನ್ಯದಲ್ಲಿದ್ದ, ಪೂರ್ವದ ರಣರಂಗಕ್ಕೆ ಹೋಗಿದ್ದ, ಅಲ್ಲಿ ಏನು ಮಾಡಿದ ಎಂದು ಮನೆಯಲ್ಲಿ ಕೇಳಿದರೆ ಅಜ್ಜಿ ಎದ್ದು ಅಡಿಗೆ ಮನೆಗೆ ಹೋಗುತ್ತಿದ್ದಳು.

ಆ ಅಜ್ಜಿಯನ್ನು ನಾನು ಬಲ್ಲೆ ಅನ್ನಿಸಿತು. ನಮ್ಮ ಮನೆಯಲ್ಲೂ ಒಬ್ಬಳಿದ್ದಳು.

ನಮ್ಮ ಅಜ್ಜಿಗೆ ನಿಜಾಮರ ಪರ ನಿಂತ ರಜಾಕಾರರ ಹಾವಳಿಯ ಒಂದೊಂದು ಸಂಗತಿಯೂ ನೆನಪಿತ್ತು. ಕಾಸಿಂ ರಜ್ವಿಯ ದಂಡು ಬರುತ್ತದೆ ಎಂದು ಹಗೇವಿನಲ್ಲಿ ಬಂಗಾರ ಹುಗಿದದ್ದು, ಜೋಳದ ಹೊಲದಲ್ಲಿ ರಾತ್ರಿ ಕಳೆದದ್ದು, ಸೊಲ್ಲಾಪುರದ ಕಡೆ ಗಡಿ ದಾಟಿ ಹೋದ ಬೀಗರು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳ ಸುದ್ದಿ ಕಮಲಾಪುರದ ಸಂತೆಗೆ ಹೇಗೆ ಬಂತು ಎಂಬುದನ್ನೂ ಹೇಳುತ್ತಿದ್ದಳು. ಇದು ನಡೆದದ್ದೇ, ಇದರಲ್ಲಿ ಎರಡು ಮಾತಿಲ್ಲ. ಗೋರಟಾದಲ್ಲಿ ಈಗ ಹುತಾತ್ಮರ ಸ್ಮಾರಕವಿದೆ. ‘ಆಮೇಲೆ ಪೊಲೀಸ್ ಆಕ್ಷನ್ ಆಯ್ತಲ್ಲ ಆಯಿ, ಆಗ ಏನಾಯ್ತು?’ ಎಂದರೆ ಅವಳ ಕಥೆ ಮುಗಿಯುತ್ತಿತ್ತು. ‘ಆ ಮ್ಯಾಲ ಏನೇನೋ ಆಯ್ತು. ಬಿಡು, ಸಂಜಿ ಆಯ್ತು, ದೀಪ ಹಚ್ಚಬೇಕು.’

ಆಮೇಲೆ ಆದದ್ದನ್ನು ನೋಡಿ ಬರಲು ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲರ ತಂಡವನ್ನು ಕಳಿಸಿತ್ತು. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನ ಸತ್ತಿರಬೇಕು ಎಂದು ಆ ತಂಡ ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆ ಎಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ. ಪಟೇಲರು ಆ ವರದಿಯನ್ನು ಒಪ್ಪಲಿಲ್ಲ, ಸರ್ಕಾರ ಪ್ರಕಟಿಸಲೂ ಇಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಕ್ಕದ್ದು 2013ರಲ್ಲಿ, ಅಷ್ಟು ಹೊತ್ತಿಗೆ ನೋಡಿದವರು ಬಹುಪಾಲು ಹೋಗಿಯಾಗಿತ್ತು. ಕಮಲಾಪುರ ಕಡೆಯ ನಮ್ಮ ಅಜ್ಜಿಯ ಊರಿನಲ್ಲಿ ಒಂದು ಮನೆಯ ಬಾಗಿಲ ಮೇಲಿನ ಕಲ್ಲಿನಲ್ಲಿ ಉರ್ದು ಅಕ್ಷರ ಕೊರೆದಿದ್ದವು. ಮನೆಯಲ್ಲಿ ಇದ್ದವರಿಗೆ ಉರ್ದು ಬಾರದು. ಪ್ರತಿ ಯುಗಾದಿಗೆ ಸುಣ್ಣ ಬಳಿದು ಬಳಿದು ಅಕ್ಷರ ಅರ್ಧ ತುಂಬಿದ್ದವು. ಇದು ಯಾರ ಮನೆ ಇತ್ತು ಎಂದು ಕೇಳಿದಾಗ ‘ಮೊದಲ ಯಾರೋ ಇದ್ರು’ ಎಂದರು. ನಮ್ಮಪ್ಪ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವನು. ಆ ಕಲ್ಲನ್ನು ಅವನು ಓದಬಹುದಿತ್ತು. ಅದರ ಮುಂದೆ ಹಾದು ಹೋಗುವಾಗ ಅವನು ತಲೆ ಎತ್ತಿದ್ದನ್ನು ನಾನು ನೋಡಿಲ್ಲ.

ಜರ್ಮನರು ಮೊದಲಿಂದ ಸತ್ಯವಂತರು, ನಾವು ಅಲ್ಲ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರೂ ಹತ್ತಿಪ್ಪತ್ತು ವರ್ಷ ನಮ್ಮ ಅಜ್ಜಿಯ ಹಾಗೆಯೇ ಇದ್ದರು. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಗೆ ರಸ್ತೆ, ಕಾರ್ಖಾನೆ, ಕಾರು ಮುಖ್ಯವಾಗಿದ್ದವು. ಹಳೇ ನಾಜಿ ನ್ಯಾಯಾಧೀಶರು, ಅಧಿಕಾರಿಗಳು ಕುರ್ಚಿಯಲ್ಲಿ ಮುಂದುವರಿದರು. ಪೂರ್ವದವರು ನಾಜಿಗಳೆಲ್ಲ ಆ ಕಡೆಯವರು ಎಂದು ಕೈ ತೊಳೆದುಕೊಂಡರು. ಫ್ರಾಂಕ್‌ಫರ್ಟಿನಲ್ಲಿ ಫ್ರಿಟ್ಸ್ ಬೌವರ್ ಎಂಬ ಸರ್ಕಾರಿ ವಕೀಲ ಹಟ ಹಿಡಿದದ್ದಕ್ಕೆ 1963ರಿಂದ 65ರ ತನಕ ಆಶ್ವಿಟ್ಸ್ ಸಾವಿನ ಶಿಬಿರದ ಮೊಕದ್ದಮೆ ನಡೆಯಿತು, ಕಾವಲುಗಾರರು ಏನು ಮಾಡಿದ್ದರು ಎಂಬುದು ಜರ್ಮನ್ ಕೋರ್ಟಿನಲ್ಲೇ ಸಾಕ್ಷಿಗಳ ಬಾಯಿಂದ ಬಂತು. 1970ರ ಡಿಸೆಂಬರ್ 7ರಂದು ಚಾನ್ಸಲರ್ ವಿಲಿ ಬ್ರಾಂಟ್ ವಾರ್ಸಾದಲ್ಲಿ ಯಹೂದಿಗಳ ಸ್ಮಾರಕದ ಮುಂದೆ ಮಂಡಿಯೂರಿದಾಗ ದೇಶದೊಳಗೆ ಬಯ್ದವರು ಕಡಿಮೆ ಇರಲಿಲ್ಲ. 1985ರಲ್ಲಿ ಅಧ್ಯಕ್ಷ ವೈತ್ಸೆಕರ್ ಸಂಸತ್ತಿನಲ್ಲಿ ನಿಂತು, ನಾವು ಸೋತ ಮೇ 8 ನಮ್ಮ ವಿಮೋಚನೆಯ ದಿನವೂ ಹೌದು ಎಂದರು. ಸೋತು ನಲವತ್ತು ವರ್ಷದ ಮೇಲೆ.

ನಮ್ಮದು ಗೆದ್ದವರ ವಿಮೋಚನೆ, ಅವರದ್ದು ಸೋತವರ ವಿಮೋಚನೆ. ಸೋತವರಿಗೆ ಹೊರಗಿನವರು ಕನ್ನಡಿ ಹಿಡಿಯುತ್ತಾರೆ, ಗೆದ್ದವರಿಗೆ ಹಿಡಿಯುವವರಿಲ್ಲ. ಸೆಪ್ಟೆಂಬರ್ 17ಕ್ಕೆ ಧ್ವಜಾರೋಹಣದಲ್ಲಿ ನಾನು ಭಾಷಣ ಕೇಳುತ್ತ ಬಂದಿದ್ದೇನೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಎನ್ನುತ್ತಿದ್ದರು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನ. ಭಾಷಣದಲ್ಲಿ ರಜಾಕಾರರು ಬರುತ್ತಾರೆ, ಪಟೇಲರು ಬರುತ್ತಾರೆ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ಕಲಂ ಬರುತ್ತದೆ. ಸೆಪ್ಟೆಂಬರ್ 18 ಬರುವುದಿಲ್ಲ. ಜರ್ಮನಿಯಿಂದ ಪಾತ್ರೆ ಬಂತು, ಪೇಟಿಯ ರೀಡು ಬಂತು, ಪಂಪು ಬಂತು, ಬಿಸ್ಮಾರ್ಕನೂ ಬಂದ. ಅವರು ಬಹಳ ಕಷ್ಟಪಟ್ಟು ಕಲಿತ ಒಂದು ಕೆಲಸ ಮಾತ್ರ ನಮ್ಮ ನಾಕಾ ದಾಟಲಿಲ್ಲ.

ನಮ್ಮ ಜಿಲ್ಲೆಯ ಕಲ್ಲುಗಳನ್ನು ಓದಿದ ಒಬ್ಬ ಜರ್ಮನ್ ವಿದ್ವಾಂಸರ ಹೆಸರನ್ನು ಇಲ್ಲಿ ಹೇಳಲೇಬೇಕು. ಭೀಮಾ ದಂಡೆಯ ಸನ್ನತಿಯಲ್ಲಿ 1986ರ ಸುಮಾರಿಗೆ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ವಿಗ್ರಹದ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ತೊಂಬತ್ತರ ದಶಕದಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಎದ್ದಿತು, ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ರಾಜನ ಚಿತ್ರವೂ ಸಿಕ್ಕಿತು. ಅಲ್ಲಿನ ಶಾಸನಗಳನ್ನು ಒಟ್ಟು ಓದಿ 2014ರಲ್ಲಿ ಪುಸ್ತಕ ಮಾಡಿದವರು ಜಪಾನಿನ ಮೈಕೊ ನಾಕಾನಿಶಿ ಮತ್ತು ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್. ಬಹಳಷ್ಟು ಶಾಸನಗಳು ಒಂದೇ ಸಾಲಿನವು. ಇಂಥವರು ಈ ಕಲ್ಲು ಕೊಟ್ಟರು, ಅಷ್ಟೆ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಒಂದು ಕಲ್ಲು ಕೊಟ್ಟವನ ಹೆಸರು ಸಿಗುತ್ತದೆ, 1948ರದ್ದು ಸಿಗುವುದಿಲ್ಲ.

ಈಗಿನ ಕಲಬುರಗಿಗೆ ಜರ್ಮನಿ ಬೇರೆಯೇ ಸರಕು. ಕೋಚಿಂಗಿನ ಬೋರ್ಡುಗಳಲ್ಲಿ ಐಇಎಲ್‌ಟಿಎಸ್ ಕೆಳಗೆ ಜರ್ಮನ್ ಎ1, ಎ2, ಬಿ1 ಎಂದು ಬರೆದಿರುತ್ತದೆ. ನರ್ಸಿಂಗ್ ಓದಿದ ಹುಡುಗಿಯರು ರಾತ್ರಿ ಡ್ಯೂಟಿ ಮುಗಿಸಿ ಮೊಬೈಲಿನಲ್ಲಿ ವ್ಯಾಕರಣ ಉರು ಹೊಡೆಯುತ್ತಾರೆ. ಅವರಿಗೆ ಬಿಸ್ಮಾರ್ಕ್ ಬೇಕಿಲ್ಲ, ಕ್ರಿಯಾಪದ ವಾಕ್ಯದ ಎಲ್ಲಿ ಬರುತ್ತದೆ ಎಂಬುದು ಬೇಕು. ಉಪವಾಕ್ಯದಲ್ಲಿ ಅದು ಕೊನೆಗೆ ಬರುವುದು ಕನ್ನಡದವರಿಗೆ ಅಷ್ಟು ಕಷ್ಟವಲ್ಲ, ನಾವೂ ಕ್ರಿಯಾಪದವನ್ನು ಕೊನೆಗೇ ಇಡುವವರು. 2024ರಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಅಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವ ಕೈ ಕಡಿಮೆ.

ನನ್ನ ತಂಗಿಯನ್ನು ಕೊಟ್ಟದ್ದು ಕಮಲಾಪುರಕ್ಕೆ. ಅವಳ ಮಗ ಇಲ್ಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಜರ್ಮನಿಗೆ ಹೊರಟಾಗ ಕಾಗದ ಪತ್ರ ನೋಡಲು ನನ್ನನ್ನು ಕರೆದರು. ಹಿಸ್ಟರಿ ಮಾಸ್ತರನಿಗೆ ಜರ್ಮನಿ ಗೊತ್ತು ಎಂಬ ಲೆಕ್ಕ. ಅಂಕಪಟ್ಟಿಗಳ ತಪಾಸಣೆಯ ಎಪಿಎಸ್ ಸರ್ಟಿಫಿಕೇಟಿಗೆ 18 ಸಾವಿರ ರೂಪಾಯಿ. ಆಮೇಲೆ ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಖರ್ಚಿಗೆ 11,904 ಯೂರೋ ಮೊದಲೇ ತುಂಬಬೇಕಿತ್ತು, ಅದನ್ನು ತಿಂಗಳಿಗೆ 992ರಂತೆ ಬಿಡುತ್ತಿದ್ದರು. ಆಗ ನಮ್ಮ ರೂಪಾಯಿಯಲ್ಲಿ ಹನ್ನೊಂದು ಲಕ್ಷದ ಆಸುಪಾಸು. ‘ನಮ್ಮ ರೊಕ್ಕ, ನಮಗs ಪಗಾರದಂಗ ಕೊಡ್ತಾರಂತ, ಇದ್ಯಾವ ಲೆಕ್ಕ?’ ಎಂದು ಭಾವ ಸಿಟ್ಟಾದರು. ಲೆಕ್ಕ ಸರಿಯಾಗಿಯೇ ಇತ್ತು, ರೊಕ್ಕ ಇರಲಿಲ್ಲ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ, ಹೊಲದ ಪತ್ರ ಅಡ ಇಟ್ಟು. ಆ ಹೊಲದಲ್ಲಿ ಹಿಂದೆ ಕಮಲಾಪುರದ ಕೆಂಪು ಬಾಳೆ ಇತ್ತು. ಭೌಗೋಳಿಕ ಗುರುತಿನ ಮುದ್ರೆ ಬಿದ್ದ ಬಾಳೆ, ಹೊರಗಿನವರು ಹುಡುಕಿಕೊಂಡು ಬರುತ್ತಾರೆ. ಆದರೆ ಗೊನೆ ಕೈಗೆ ಬರಲು ಒಂದೂವರೆ ವರ್ಷ, ಬಾವಿ ಅಷ್ಟು ದಿನ ನಿಲ್ಲುವುದಿಲ್ಲ. ಬೆಳೆಯುವವರು ವರ್ಷ ವರ್ಷ ಕಡಿಮೆ.

ಹುಡುಗ ಹೋದದ್ದು ಕೆಮ್ನಿಟ್ಸ್ ಎಂಬ ಊರಿಗೆ. ಸಾಕ್ಸನಿ ರಾಜ್ಯ, ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಇಲ್ಲ, ಭಾರತದ ವಿದ್ಯಾರ್ಥಿಗಳು ಬಹಳ. ಹಳೇ ಅಟ್ಲಾಸಿನಲ್ಲಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ತಿಳಿಯಿತು, ಗಡಿ ದಾಟಿ ಹೋಗಿದ್ದ ಕಾರ್ಲ್-ಮಾರ್ಕ್ಸ್-ಸ್ಟಾಟ್ ಇದೇ. 1953ರಲ್ಲಿ ಆ ಹೆಸರು ಇಟ್ಟರು, 1990ರಲ್ಲಿ ಜನ ಮತ ಹಾಕಿ ಹಳೇ ಹೆಸರು ತಂದುಕೊಂಡರು. ಮಾರ್ಕ್ಸ್ ಆ ಊರಲ್ಲಿ ಎಂದೂ ಇದ್ದವನಲ್ಲ. 1971ರಲ್ಲಿ ನಿಲ್ಲಿಸಿದ ಅವನ ಏಳು ಮೀಟರ್ ಎತ್ತರದ ತಲೆ ಮಾತ್ರ ಈಗಲೂ ಇದೆ. ಬರೀ ತಲೆ, ಮೈ ಇಲ್ಲ. ಅಳಿಯ ಅದರ ಮುಂದೆ ನಿಂತು ಫೋಟೊ ಕಳಿಸಿದ. ‘ಇದ್ಯಾವ ದೇವರೋ?’ ಎಂದು ತಂಗಿ ಕೇಳಿದಳು.

ಅದೇ ಊರಲ್ಲಿ 2018ರಲ್ಲಿ ವಿದೇಶಿಯರ ವಿರುದ್ಧ ಗಲಭೆ ಆಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸಾಕ್ಸನಿಯ ಚುನಾವಣೆಯಲ್ಲಿ ಬಲಪಂಥದ ಎಎಫ್‌ಡಿ ಪಕ್ಷಕ್ಕೆ ಶೇಕಡಾ 30.6 ಮತ ಬಿದ್ದವು. ಮರು ವರ್ಷವೇ ಕೆಮ್ನಿಟ್ಸ್ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಎಂದು ಸಂಭ್ರಮ. ಎರಡನ್ನೂ ಕೇಳಿದೆ. ‘ಟ್ರಾಮ್‌ನ್ಯಾಗ ಕೆಲವರು ಎದ್ದು ಬ್ಯಾರೆ ಕಡೆ ಕೂಡ್ತಾರ ಮಾಮಾ, ಅಷ್ಟs. ಮನೀ ಮಾಲಕಿ ಮುದುಕಿ ಭಾಳ ಚೊಲೋ ಆಕಿ’ ಅಂದ. ಅವನ ಮನೆಯ ಮುಂದಿನ ಫುಟ್‌ಪಾತಿನಲ್ಲಿ ನಾಜಿಗಳು ಕೊಂದವರ ಹೆಸರಿನ, ಅಂಗೈಯಗಲದ ಹಿತ್ತಾಳೆ ಬಿಲ್ಲೆಗಳಿವೆಯಂತೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಕೊಲೋನಿನಲ್ಲಿ ಮೊದಲನೆಯದನ್ನು ಹುಗಿದ. ಇಲ್ಲಿ ಇಂಥವರು ಇದ್ದರು, ಹುಟ್ಟಿದ ವರ್ಷ ಇದು, ಒಯ್ದ ತಾರೀಖು ಇದು, ಕೊಂದ ಜಾಗ ಇದು. 2023ಕ್ಕೆ ಒಂದು ಲಕ್ಷ ದಾಟಿದವು. ಎಲ್ಲ ಜರ್ಮನರೂ ಇದನ್ನು ಒಪ್ಪಿಲ್ಲ. ಸತ್ತವರ ಹೆಸರನ್ನು ತುಳಿದಂತಾಗುತ್ತದೆ ಎಂದು ಮ್ಯೂನಿಕ್ ನಗರಸಭೆ ತನ್ನ ಬೀದಿಗಳಲ್ಲಿ ಬಿಟ್ಟುಕೊಟ್ಟಿಲ್ಲ. ಅಳಿಯನಿಗೆ ಇದು ಗೊತ್ತಾದದ್ದು ಅಲ್ಲಿ ನೆಲೆಸಲು ಬೇಕಾದ ಪರೀಕ್ಷೆಯಿಂದ. 33 ಪ್ರಶ್ನೆ, 15 ಸರಿ ಇದ್ದರೆ ಪಾಸು. ಮೊಬೈಲ್ ಆ್ಯಪಿನಲ್ಲಿ 1953ರ ಜೂನ್ 17ರಂದು ಏನಾಯಿತು ಎಂದು ಕೇಳಿದ್ದನ್ನು ನನಗೆ ಕಳಿಸಿದ. ಪೂರ್ವ ಜರ್ಮನಿಯ ಕೆಲಸಗಾರರ ದಂಗೆ ಎಂದು ಬರೆದೆ. ಸರಿ ಇತ್ತು.

ಅವನ ಓದು ಮುಗಿದಿದೆ. ಪದವಿ ಆದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ‘ಅಂದ್ರ ಒಂದು ಕೆಂಪು ಬಾಳಿ ಗೊನಿ’ ಎಂದು ಭಾವ ಅಳತೆ ಹಾಕಿದರು. ಅವನು ಕಲಿತದ್ದು ಮೋಟಾರು. ಫೋಕ್ಸ್‌ವ್ಯಾಗನ್ 2030ರೊಳಗೆ 35 ಸಾವಿರ ಕೆಲಸ ಕಡಿತ ಮಾಡುವ ಒಪ್ಪಂದ ಮಾಡಿಕೊಂಡಿದೆ, ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13 ಸಾವಿರ ಎಂದಿತು. ಡೀಸೆಲ್ ಪಂಪಿನ ಕಾಲ ಅಲ್ಲಿಯೂ ಮುಗಿಯುತ್ತಿದೆ. ಸದ್ಯಕ್ಕೆ ಒಂದು ಗೋದಾಮಿನಲ್ಲಿ ಪಾರ್ಸಲ್ ವಿಂಗಡಿಸುವ ಕೆಲಸ, ರಾತ್ರಿ ಪಾಳಿ. ಬ್ಯಾಂಕಿನ ಕಂತು ಈ ತಿಂಗಳಿನಿಂದ ಶುರು. ಮೊದಲ ಮೂರು ಕಂತು ನನ್ನ ಪೆನ್ಷನ್ನಿನಿಂದ ಕಟ್ಟುವುದು, ಹುಡುಗನಿಗೆ ಕಾಯಂ ಕೆಲಸ ಸಿಕ್ಕ ಮೇಲೆ ತಿರುಗಿ ಕೊಡುವುದು ಎಂದು ಮಾತಾಗಿದೆ. ತಂಗಿ ಹೋದ ವಾರ ಜೋಳದ ಹಿಟ್ಟು, ತೊಗರಿಬೇಳೆ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. ಕೊರಿಯರ್‌ನವನು ತೂಕ ಮಾಡಿ ಹೇಳಿದ ದರ ಒಳಗಿನ ಸಾಮಾನಿನ ಬೆಲೆಯ ಹಲವು ಪಟ್ಟು. ಅಲ್ಲಿ ಕಸ್ಟಮ್ಸಿನವರು ಬಿಚ್ಚಿ ನೋಡಿದರೆ ಹಿಂಡಿಯನ್ನು ಏನೆಂದು ಬರೆಯುವುದು ಎಂದು ಕೇಳಿದ. ಮಸಾಲೆ ಪುಡಿ ಎಂದು ಬರೆಸಿ ಬಂದೆ.